ಹಿತ್ತಲ ಮಡಿಯಿಂದ ಹೊಲಕ್ಕೆ: ಕರ್ನಾಟಕದಲ್ಲಿ ಮೆಣಸಿನಕಾಯಿಯ ಮನೆಬೀಜದ ಚರಿತ್ರೆ

ಪೀಠಿಕೆ

ಕನ್ನಡ ನಾಡಿನ ಅಡುಗೆಮನೆಯಲ್ಲಿ ಉಪ್ಪಿನಷ್ಟೇ ಅನಿವಾರ್ಯವಾಗಿರುವ ಮೆಣಸಿನಕಾಯಿ ಈ ನೆಲದ ಮೂಲ ಸಸ್ಯವಲ್ಲ. ಅದು ಅಮೆರಿಕ ಖಂಡಗಳಿಂದ ಪೋರ್ಚುಗೀಸರ ಹಡಗುಗಳ ಮೂಲಕ ಹದಿನಾರನೆಯ ಶತಮಾನದಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂದಿತೆಂಬುದು ವಿದ್ವತ್ ವಲಯದಲ್ಲಿ ಒಪ್ಪಿತವಾದ ಸಂಗತಿ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯನ್ನು ತಲುಪಿದುದು, 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದುದು, ಅಲ್ಲಿಂದ ಹೊಸ ಜಗತ್ತಿನ ಬೆಳೆಗಳು ಒಂದೊಂದಾಗಿ ದಡ ಸೇರಿದುದು, ಇವೆಲ್ಲವೂ ಇತಿಹಾಸದ ಪಠ್ಯಗಳಲ್ಲಿ ದಾಖಲಾಗಿವೆ. ಆದರೆ ಹೀಗೆ ಬರೆಯಲಾದ ಚರಿತ್ರೆ ಬಹುಮಟ್ಟಿಗೆ ಬಂದರುಗಳ ಚರಿತ್ರೆಯಾಗಿದೆ. ಹಡಗು, ಸುಂಕ, ವರ್ತಕ ಇವರ ಸುತ್ತಲೇ ಅದು ನಿಲ್ಲುತ್ತದೆ. ಬಂದರಿನಲ್ಲಿಳಿದ ಒಂದು ಅಪರಿಚಿತ ಕಾಯಿ ಘಟ್ಟವನ್ನು ಹತ್ತಿ, ಧಾರವಾಡದ ಎರೆಭೂಮಿಯವರೆಗೆ, ಕೋಲಾರದ ಕೆರೆಯಂಗಳದವರೆಗೆ ಹೇಗೆ ಹರಡಿತು, ಯಾರ ಕೈಯಿಂದ ಹರಡಿತು ಎಂಬ ಪ್ರಶ್ನೆಗೆ ಬಂದರಿನ ದಾಖಲೆಗಳು ಉತ್ತರ ನೀಡಲಾರವು.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾದುದು ಮನೆಯ ಹಿತ್ತಲಿನಲ್ಲಿ. ಒಣಗಿದ ಕಾಯಿಯೊಳಗಿನ ಬೀಜವನ್ನು ತೆಗೆದು, ಬೂದಿ ಬೆರೆಸಿ, ಗಡಿಗೆಯಲ್ಲಿಟ್ಟು, ಮುಂದಿನ ಮಳೆಗಾಲದ ಬಾಯಿಗೆ ಮಡಿಯಲ್ಲಿ ಚೆಲ್ಲಿ ಸಸಿ ಎಬ್ಬಿಸುವ ಗೃಹಕೃತ್ಯವೇ ಈ ಬೆಳೆಯ ನಿಜವಾದ ವಾಹಕ. ಹೆಸರು, ಆಚರಣೆ ಮತ್ತು ಬೀಜಸಂಗ್ರಹದ ಪದ್ಧತಿ ಎಂಬ ಮೂರು ಆಕರಗಳನ್ನು ಆಧರಿಸಿ ಈ ವಾದವನ್ನು ಮಂಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಬೀಜ ಮನೆಯಿಂದ ಪೇಟೆಗೆ ಹೊರಳಿದ ಇತ್ತೀಚಿನ ದಶಕಗಳಲ್ಲಿ ಏನು ಉಳಿದಿದೆ, ಏನು ಅಳಿಯುತ್ತಿದೆ ಎಂಬುದನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಹೆಸರಿನಲ್ಲಿ ಉಳಿದಿರುವ ಚರಿತ್ರೆ

ಹೊಸ ವಸ್ತುವೊಂದು ಒಂದು ಸಮಾಜವನ್ನು ಪ್ರವೇಶಿಸಿದಾಗ ಆ ಸಮಾಜ ಅದಕ್ಕೆ ಇಡುವ ಹೆಸರು ಅದರ ಮೊದಲ ದಾಖಲೆಯಾಗಿರುತ್ತದೆ. ಕನ್ನಡದಲ್ಲಿ ‘ಮೆಣಸು’ ಎಂಬುದು ಮೂಲತಃ ಮಲೆನಾಡಿನ ಬಳ್ಳಿಯಲ್ಲಿ ಬಿಡುವ ಕರಿಯ ಕಾಳಿನ ಹೆಸರು. ಹೊಸದಾಗಿ ಬಂದ ಸಸ್ಯದ ಖಾರ ಆ ಕಾಳಿನ ಖಾರವನ್ನೇ ನೆನಪಿಸಿದ್ದರಿಂದ ಜನ ಅದನ್ನು ‘ಮೆಣಸಿನ ಕಾಯಿ’ ಎಂದರು. ಹಳೆಯದು ಕಾಳು, ಹೊಸದು ಕಾಯಿ, ಇಷ್ಟೇ ವ್ಯತ್ಯಾಸ. ತಮಿಳಿನ ‘ಮಿಳಗಾಯ್’, ತೆಲುಗಿನ ‘ಮಿರಪಕಾಯ’ ಎಂಬ ರೂಪಗಳಲ್ಲಿಯೂ ಇದೇ ತರ್ಕ ಕಾಣುತ್ತದೆ. ನೆರೆಯ ಮೂರು ಭಾಷೆಗಳು ಒಂದೇ ಬಗೆಯಲ್ಲಿ ಹೆಸರಿಸಿರುವುದು ಆಕಸ್ಮಿಕವಲ್ಲ. ಮೂರೂ ಭಾಷೆಯ ಜನ ಹೊಸ ಕಾಯಿಯನ್ನು ಮೊದಲು ಗುರುತಿಸಿದುದು ನಾಲಿಗೆಯಿಂದ, ಅಂದರೆ ಅಡುಗೆಮನೆಯಲ್ಲಿ.

ಇದಕ್ಕಿಂತ ಕುತೂಹಲಕರವಾದ ಸಂಗತಿ ಹಳೆಯ ಮೆಣಸಿಗೆ ಒದಗಿದ ಗತಿ. ಹೊಸಬನ ಆಗಮನದ ನಂತರ ಹಳಬನಿಗೆ ವಿಶೇಷಣ ಬೇಕಾಯಿತು. ಅದು ಕರಿಮೆಣಸಾಯಿತು, ಕಾಳುಮೆಣಸಾಯಿತು. ಕರಾವಳಿಯ ಕನ್ನಡದಲ್ಲಿ ಅದು ‘ಒಳ್ಳೆಮೆಣಸು’. ತುಳುವಿನಲ್ಲಿ ‘ಮುಂಚಿ’ ಎಂದರೆ ಮೆಣಸಿನಕಾಯಿ, ‘ಎಡ್ಡೆ ಮುಂಚಿ’ ಎಂದರೆ ಕಾಳುಮೆಣಸು. ‘ಎಡ್ಡೆ’ ಎಂದರೆ ಒಳ್ಳೆಯದು. ಮಲಯಾಳದ ‘ನಲ್ಲ ಮುಳಗು’ ಎಂಬುದೂ ಇದೇ ಅರ್ಥದ್ದು. ಕರಾವಳಿಯ ಜನ ಹೊಸ ಕಾಯಿಯನ್ನು ಬಳಸತೊಡಗಿದರೂ ‘ಒಳ್ಳೆಯದು’ ಎಂಬ ಮಾತನ್ನು ಹಳೆಯದಕ್ಕೇ ಮೀಸಲಿಟ್ಟರು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಹಡಗಿನ ನೆನಪೂ ಕೆಲವು ಹೆಸರುಗಳಲ್ಲಿ ಉಳಿದಿದೆ. ಮುಂಬಯಿ ಪ್ರಾಂತ್ಯದಲ್ಲಿ ‘ಗೋವಾಯಿ ಮಿರ್ಚಿ’ ಎಂಬ ಹೆಸರು ಬಳಕೆಯಲ್ಲಿತ್ತು. ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರ ಅವಧಿಯಲ್ಲಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಈ ಸಸ್ಯ ‘ಕಪೊ ಮೊಳಗೊ’ ಎಂಬ ಹೆಸರಿನಲ್ಲಿ ಸೇರಿದೆ. ಇದನ್ನು ‘ಕಪ್ಪಲ್ ಮುಳಗು’, ಅಂದರೆ ಹಡಗಿನ ಮೆಣಸು ಎಂದು ಅರ್ಥೈಸಬಹುದು. ಇದಕ್ಕೆ ವಿರುದ್ಧವಾದ ನಿದರ್ಶನ ಯುರೋಪಿನದು. 1542ರಲ್ಲಿ ಜರ್ಮನಿಯ ಲಿಯೊನ್‌ಹಾರ್ಟ್ ಫುಕ್ಸ್ ತನ್ನ ಸಸ್ಯಗ್ರಂಥದಲ್ಲಿ ಮೆಣಸಿನ ಗಿಡದ ಚಿತ್ರವನ್ನು ಮುದ್ರಿಸಿ ಅದನ್ನು ‘ಕಲ್ಲಿಕೋಟೆಯ ಮೆಣಸು’ ಎಂದು ಕರೆದ. ಅಮೆರಿಕದಿಂದ ಹೊರಟ ಸಸ್ಯ ಐವತ್ತೇ ವರ್ಷಗಳಲ್ಲಿ ಭಾರತದ್ದೆಂದು ಯುರೋಪಿನವರೇ ನಂಬುವಂತಾಯಿತು.

ಕನ್ನಡದಲ್ಲಿ ಪಪ್ಪಾಯಿಯನ್ನು ಪರಂಗಿ ಹಣ್ಣು ಎನ್ನುತ್ತಾರೆ. ಅದೂ ಅಮೆರಿಕದಿಂದ ಬಂದುದೇ. ಆದರೆ ಅದರ ಹೆಸರಿನಲ್ಲಿ ಪರಕೀಯತೆಯ ಗುರುತು ಇಂದಿಗೂ ಉಳಿದಿದೆ. ಬಯಲುಸೀಮೆಯ ಕನ್ನಡದಲ್ಲಿ ಮೆಣಸಿನಕಾಯಿಗೆ ಅಂತಹ ಗುರುತು ಅಂಟಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟಿನ ಹೊತ್ತಿಗೆ ‘ಮೆಣಸಿನ ಕಾಯಿ’ ಅಚ್ಚಗನ್ನಡದ ಪದವಾಗಿ ನೆಲೆ ನಿಂತಿದೆ. ಉತ್ತರ ಕರ್ನಾಟಕದ ಮನೆಮಾತಿನಲ್ಲಂತೂ ಮೆಣಸಿನಪುಡಿಯೇ ‘ಖಾರ’. ರುಚಿಯ ಹೆಸರೇ ವಸ್ತುವಿನ ಹೆಸರಾಗುವಷ್ಟು ಅದು ಒಳಗಿನದಾಗಿದೆ.

ಗ್ರಂಥಗಳ ಮೌನ, ಆಚರಣೆಯ ನೆನಪು

ಕನ್ನಡ ನಾಡಿನ ಶಾಸ್ತ್ರಗ್ರಂಥಗಳು ಅಡುಗೆ ಮತ್ತು ಕೃಷಿಯ ವಿಷಯದಲ್ಲಿ ಸಮೃದ್ಧವಾಗಿವೆ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವೂ ಸೂಪಶಾಸ್ತ್ರವೂ ಸೇರಿವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ದೊರೆ ಮುಮ್ಮಡಿ ಸೋಮೇಶ್ವರನ ‘ಮಾನಸೋಲ್ಲಾಸ’ ರಾಜಭೋಜನದ ವಿವರಗಳನ್ನು ಕೊಡುತ್ತದೆ. 1508ರ ಸುಮಾರಿಗೆ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ರಚಿಸಿದ. ಈ ಮೂರೂ ಗ್ರಂಥಗಳ ಪಾಕಗಳಲ್ಲಿ ಖಾರಕ್ಕೆ ಒದಗುವುದು ಮೆಣಸು, ಶುಂಠಿ, ಸಾಸಿವೆ ಮುಂತಾದವು. ಮೆಣಸಿನಕಾಯಿ ಇಲ್ಲ, ಇರುವುದು ಸಾಧ್ಯವೂ ಇರಲಿಲ್ಲ.

ಪುರಂದರದಾಸರ (1484–1564) ಅಂಕಿತದಲ್ಲಿ ಮೆಣಸಿನಕಾಯಿಯನ್ನು ಕುರಿತ ಒಂದು ಕೀರ್ತನೆ ಪ್ರಚಲಿತವಾಗಿದೆ. ಮೆಣಸಿನಕಾಯಿಯ ಆಗಮನಕ್ಕೆ ಇದನ್ನು ಸಾಕ್ಷ್ಯವಾಗಿ ಉಲ್ಲೇಖಿಸುವುದು ವಾಡಿಕೆ. ಆದರೆ ದಾಸಸಾಹಿತ್ಯ ಬಹುಕಾಲ ಕಂಠಸ್ಥ ಪರಂಪರೆಯಲ್ಲಿ ಬೆಳೆದುಬಂದುದು. ಒಂದೇ ಅಂಕಿತದಲ್ಲಿ ಅನೇಕ ಕಾಲದ ರಚನೆಗಳು ಕೂಡಿಕೊಂಡಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಕೀರ್ತನೆ ದಾಸರದೇ ಎಂದು ಒಪ್ಪಿದರೆ, ಗೋವೆ ಪೋರ್ಚುಗೀಸರ ವಶವಾದ ಐದಾರು ದಶಕಗಳೊಳಗೆ ಮೆಣಸಿನಕಾಯಿ ಕನ್ನಡಿಗರಿಗೆ ಪರಿಚಿತವಾಗಿತ್ತೆಂದು ಹೇಳಬೇಕಾಗುತ್ತದೆ. ಅನಂತರದ್ದೆಂದು ತಿಳಿದರೂ, ಹಾಡಿನ ವಸ್ತುವಾಗುವಷ್ಟು ಅದು ಮನೆಬಳಕೆಯದಾಗಿತ್ತೆಂಬ ಮಾತು ಮಾತ್ರ ನಿಲ್ಲುತ್ತದೆ. ಒಂದು ಕೀರ್ತನೆಯಿಂದ ಕಾಲನಿರ್ಣಯ ಮಾಡುವುದಕ್ಕಿಂತ ಆಚರಣೆಗಳನ್ನು ಗಮನಿಸುವುದು ಹೆಚ್ಚು ಫಲಪ್ರದ.

ಶ್ರಾದ್ಧದ ಅಡುಗೆಯನ್ನು ನೋಡಬಹುದು. ಸಂಪ್ರದಾಯಸ್ಥ ಮನೆಗಳಲ್ಲಿ ಅಂದು ಹಸಿ ಮೆಣಸಿನಕಾಯಿಯಾಗಲಿ ಒಣ ಮೆಣಸಿನಕಾಯಿಯಾಗಲಿ ಒಲೆಯ ಬಳಿ ಸುಳಿಯುವಂತಿಲ್ಲ. ಖಾರಕ್ಕೆ ಕಾಳುಮೆಣಸೇ ಆಗಬೇಕು. ಅದೇ ದಿನ ವರ್ಜ್ಯವಾದ ಆಲೂಗಡ್ಡೆ, ಟೊಮೇಟೊಗಳೂ ಅಮೆರಿಕ ಮೂಲದವೇ. ಪಿತೃಗಳು ಉಂಡಿರದ ಅನ್ನವನ್ನು ಪಿತೃಗಳಿಗೆ ಬಡಿಸಲಾಗದು ಎಂಬ ತರ್ಕ ಇದರ ಹಿಂದೆ ಕೆಲಸ ಮಾಡಿದಂತಿದೆ. ಬಾಣಂತಿಯ ಪಥ್ಯದಲ್ಲಿಯೂ ಕಾಳುಮೆಣಸಿಗೆ ಅಗ್ರಸ್ಥಾನ. ಹೀಗೆ ಸಾವು ಮತ್ತು ಹುಟ್ಟು ಎಂಬ ಎರಡು ಸಂದರ್ಭಗಳಲ್ಲಿ ಅಡುಗೆಮನೆ ಹದಿನಾರನೆಯ ಶತಮಾನಕ್ಕಿಂತ ಹಿಂದಿನ ತನ್ನ ಸ್ಥಿತಿಯನ್ನು ನೆನಪಿನಲ್ಲಿಟ್ಟುಕೊಂಡಿದೆ.

ಇದಕ್ಕೆ ಎದುರಾಗಿ ಜನಪದರ ದಿನನಿತ್ಯದ ನಂಬಿಕೆಗಳಲ್ಲಿ ಮೆಣಸಿನಕಾಯಿಗೆ ಮುಕ್ತ ಪ್ರವೇಶ ದೊರೆತಿದೆ. ಮಗುವಿಗೆ ದೃಷ್ಟಿಯಾದರೆ ಉಪ್ಪಿನೊಡನೆ ಒಣ ಮೆಣಸಿನಕಾಯಿಯನ್ನು ನಿವಾಳಿಸಿ ಒಲೆಗೆ ಹಾಕುತ್ತಾರೆ. ಘಾಟು ಏಳದಿದ್ದರೆ ದೃಷ್ಟಿ ತಾಕಿರುವುದು ನಿಶ್ಚಿತವೆಂದು ತಿಳಿಯುತ್ತಾರೆ. ಅಂಗಡಿಯ ಬಾಗಿಲಲ್ಲಿ ನಿಂಬೆಹಣ್ಣಿನೊಂದಿಗೆ ಹಸಿ ಮೆಣಸಿನಕಾಯಿ ತೂಗುತ್ತದೆ. ಉಪ್ಪನ್ನೂ ಮೆಣಸಿನಕಾಯಿಯನ್ನೂ ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನೆಲದ ಮೇಲಿಟ್ಟು ಎತ್ತಿಕೊಳ್ಳುವ ರೂಢಿ ಇದೆ. ಉಪ್ಪಿನಂತಹ ಪುರಾತನ ವಸ್ತುವಿನ ಪಕ್ಕದಲ್ಲಿ ಸಮಾನ ನಿಷೇಧಕ್ಕೆ ಒಳಗಾಗುವುದೆಂದರೆ ಸಮಾನ ಗೌರವವನ್ನು ಪಡೆದಂತೆ. ಪುರೋಹಿತ ಪ್ರಧಾನವಾದ ವಿಧಿ ಹೊಸದನ್ನು ಹೊರಗಿಟ್ಟಿತು. ಹೆಂಗಸರು ನಡೆಸುವ ವಿಧಿ ಅದನ್ನು ಒಳಗೆ ಕರೆದುಕೊಂಡಿತು. ಬೀಜದ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಬೀಜದ ಗುಣ ಮತ್ತು ಬೆಳೆಯ ಹರಹು

ಕಾಳುಮೆಣಸು ರಾಜರ ಮತ್ತು ವರ್ತಕರ ಬೆಳೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದುದು ಈ ಬೆಳೆಯ ಕಾರಣದಿಂದಲೇ. ಅದರ ಬಳ್ಳಿಯನ್ನು ಸಾಮಾನ್ಯವಾಗಿ ಬೀಜದಿಂದ ಬೆಳೆಸುವುದಿಲ್ಲ. ತಾಯಿಬಳ್ಳಿಯ ತುಂಡನ್ನು ಬೇರು ಬರಿಸಿ ನೆಡುತ್ತಾರೆ. ಹಬ್ಬಲು ಮರ ಬೇಕು, ನೆರಳು ಬೇಕು, ಮಲೆನಾಡಿನ ಮಳೆ ಬೇಕು. ನೆಟ್ಟ ಬಳ್ಳಿ ಫಸಲು ಕೊಡಲು ಮೂರು ನಾಲ್ಕು ವರ್ಷ ಕಾಯಬೇಕು. ಪೇಟೆಯಿಂದ ತಂದ ಒಣ ಕಾಳುಮೆಣಸು ಬಯಲುಸೀಮೆಯ ಬಡವಳಿಗೆ ಸಾಂಬಾರವೇ ಹೊರತು ಬೆಳೆಯಾಗಲಾರದು.

ಮೆಣಸಿನಕಾಯಿ ಈ ಎಲ್ಲ ಅಂಶಗಳಲ್ಲಿಯೂ ವಿರುದ್ಧ. ಅಡುಗೆಗೆಂದು ತಂದ ಒಣಕಾಯಿಯೊಳಗೇ ಹತ್ತಾರು ಬೀಜಗಳಿವೆ. ಕಾಯಿಯ ಸಿಪ್ಪೆಯೇ ಬೀಜಕ್ಕೆ ಚೀಲ. ಬಿತ್ತಿದ ಎರಡೂವರೆ ಮೂರು ತಿಂಗಳಲ್ಲಿ ಗಿಡ ಹಸಿಕಾಯಿ ಕೊಡತೊಡಗುತ್ತದೆ. ಬಚ್ಚಲ ನೀರು ಹರಿಯುವ ಒಂದು ಮೊಳ ನೆಲವಿದ್ದರೆ ನಾಲ್ಕು ಗಿಡಗಳು ಒಂದು ಕುಟುಂಬದ ನಿತ್ಯದ ಖಾರವನ್ನು ಪೂರೈಸುತ್ತವೆ. ಹೀಗಾಗಿ ಮೆಣಸಿನಕಾಯಿ ಎಲ್ಲಿಗೆ ಆಹಾರವಾಗಿ ಹೋಯಿತೋ ಅಲ್ಲಿಗೆ ಬೀಜವಾಗಿಯೂ ಹೋಯಿತು. ಸಂತೆಯಲ್ಲಿ ಕೊಂಡವಳು, ತವರಿನಿಂದ ಗಂಟು ಕಟ್ಟಿಕೊಂಡು ಬಂದವಳು, ಜಾತ್ರೆಯ ದಾರಿಯಲ್ಲಿ ಬುತ್ತಿ ಬಿಚ್ಚಿದವನು, ಎಲ್ಲರೂ ತಮಗರಿವಿಲ್ಲದೆ ಬೀಜವಾಹಕರಾದರು. ಯಾವ ಅರಸನ ಆಜ್ಞೆಯೂ ಇದಕ್ಕೆ ಬೇಕಾಗಲಿಲ್ಲ. ಶ್ರೀಮಂತರ ಕಾಳುಮೆಣಸಿಗೆ ಬದಲಾಗಿ ಬಡವರಿಗೆ ಮನೆಯಲ್ಲಿಯೇ ಬೆಳೆಯಬಲ್ಲ ಖಾರ ದೊರೆತುದು ದಕ್ಷಿಣ ಭಾರತದ ಆಹಾರ ಚರಿತ್ರೆಯ ಮಹತ್ವದ ತಿರುವು.

ಮನುಷ್ಯರಷ್ಟೇ ಅಲ್ಲ, ಹಕ್ಕಿಗಳೂ ಈ ಕಾರ್ಯದಲ್ಲಿ ಪಾಲುಗೊಂಡವು. ಮಲೆನಾಡಿನಲ್ಲಿ ಸೂಜಿಮೆಣಸು ಅಥವಾ ಜೀರಿಗೆಮೆಣಸು ಎಂದು ಕರೆಯುವ ಚಿಕ್ಕ ಕಾಯಿಯ ಗಿಡವನ್ನು ಯಾರೂ ಬಿತ್ತುವುದಿಲ್ಲ. ಹಕ್ಕಿ ಹಿಕ್ಕೆ ಹಾಕಿದಲ್ಲಿ ಅದು ಹುಟ್ಟುತ್ತದೆಂದು ಅಲ್ಲಿನವರು ಹೇಳುತ್ತಾರೆ. ಈ ತಿಳಿವಳಿಕೆಯನ್ನು ವಿಜ್ಞಾನವೂ ಸಮರ್ಥಿಸಿದೆ. ಅಮೆರಿಕದ ಅರಿಜೋನಾದ ಕಾಡುಮೆಣಸಿನ ಗಿಡಗಳನ್ನು ಕುರಿತು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಟ್ಯೂಕ್ಸ್‌ಬರಿ ಮತ್ತು ನಭಾನ್ ಅವರ ಅಧ್ಯಯನದ ಪ್ರಕಾರ, ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಇಲಿಯಂತಹ ಪ್ರಾಣಿಗಳನ್ನು ದೂರವಿಡುತ್ತದೆ. ಹಕ್ಕಿಗಳಿಗೆ ಆ ಉರಿ ತಾಕುವುದಿಲ್ಲ. ಅವು ನುಂಗಿದ ಬೀಜ ಹಾಳಾಗದೆ ಹೊರಬಂದು ಮೊಳೆಯುತ್ತದೆ. ಖಾರ ಮೂಲತಃ ಬೀಜವನ್ನು ಕಾಯುವ ಉಪಾಯ. ಆ ಖಾರಕ್ಕಾಗಿಯೇ ಮನುಷ್ಯ ಅದನ್ನು ಜಗತ್ತಿನ ತುಂಬ ಬಿತ್ತಿದ.

ಮಡಿ ಮತ್ತು ಅಗಿ: ಮನೆಬೀಜದ ಪದ್ಧತಿ

ಧಾರವಾಡ, ಹಾವೇರಿ, ಗದಗ ಜಿಲ್ಲೆಗಳ ಮಳೆಯಾಶ್ರಿತ ಸೀಮೆಯಲ್ಲಿ ರೂಢಿಯಲ್ಲಿದ್ದ, ಕೆಲವೆಡೆ ಈಗಲೂ ಉಳಿದಿರುವ ಮನೆಬೀಜದ ಪದ್ಧತಿ ಒಂದು ಸುಸಂಬದ್ಧ ಜ್ಞಾನಶಿಸ್ತು. ಅದರ ಮೊದಲ ಹಂತ ಆಯ್ಕೆ. ಬೀಜದ ಕಾಯಿಯನ್ನು ರಾಶಿಯಿಂದ ಆರಿಸುವುದಕ್ಕಿಂತ ಹೊಲದಲ್ಲಿಯೇ ಆರಿಸುವುದು ಮೇಲೆಂಬುದು ಬಲ್ಲವರ ಮತ. ರಾಶಿಯಲ್ಲಿ ಕಾಯಿ ಕಾಣುತ್ತದೆ, ಗಿಡ ಕಾಣುವುದಿಲ್ಲ. ಎಲೆ ಮುದುಡದ, ಟಿಸಿಲು ಚೆನ್ನಾಗಿ ಒಡೆದ, ಕಾಯಿ ಒಂದೇ ಸಮನಾಗಿರುವ ಗಿಡವನ್ನು ಗುರುತಿಟ್ಟುಕೊಂಡು, ಅದರಲ್ಲಿ ಪೂರ್ಣ ಕೆಂಪಾದ ಕಾಯಿಗಳನ್ನು ಮಾತ್ರ ಬೇರೆಯಾಗಿ ಬಿಡಿಸುತ್ತಾರೆ. ಹಣ್ಣಾಗದ ಕಾಯಿಯ ಬೀಜ ಬಲಿತಿರುವುದಿಲ್ಲ. ಕಪ್ಪು ಚುಕ್ಕೆ ಬಿದ್ದ ಕಾಯಿಯ ಬೀಜ ರೋಗವನ್ನು ಹೊತ್ತು ತರುತ್ತದೆ. ಹಣ್ಣುಕೊಳೆ ರೋಗದ ಶಿಲೀಂಧ್ರ ಬೀಜದ ಮೂಲಕ ಹರಡುತ್ತದೆಂಬುದನ್ನು ಸಸ್ಯರೋಗಶಾಸ್ತ್ರವೂ ಹೇಳುತ್ತದೆ. ಆರಿಸುವ ಕಣ್ಣು ಹೆಚ್ಚಾಗಿ ಹೆಂಗಸರದು, ಏಕೆಂದರೆ ಕಾಯಿ ಬಿಡಿಸುವ ಕೆಲಸ ಅವರದು.

ಎರಡನೆಯ ಹಂತ ಕಾಪಿಡುವುದು. ಒಣಗಿಸಿದ ಕಾಯಿಯನ್ನು ಇಡಿಯಾಗಿ ಇಡುವುದೊಂದು ಕ್ರಮ. ಬೀಜ ತೆಗೆದು, ಒಲೆಯ ಬೂದಿ ಬೆರೆಸಿ, ಗಡಿಗೆಯಲ್ಲೋ ಒಣಗಿದ ಸೋರೆ ಬುರುಡೆಯಲ್ಲೋ ತುಂಬಿ ಬಾಯಿ ಕಟ್ಟುವುದು ಇನ್ನೊಂದು. ಬೂದಿ ತೇವವನ್ನು ಹೀರುತ್ತದೆ, ಹುಳವನ್ನು ತಡೆಯುತ್ತದೆ. ಸಾಧಾರಣ ವಾತಾವರಣದಲ್ಲಿ ಮೆಣಸಿನ ಬೀಜದ ಮೊಳೆಯುವ ಶಕ್ತಿ ಎರಡು ಮೂರು ವರ್ಷಗಳಲ್ಲಿ ಕುಗ್ಗುತ್ತದೆ. ಆದ್ದರಿಂದ ಬೀಜವನ್ನು ಗಡಿಗೆಯಲ್ಲಿಟ್ಟು ಮರೆಯುವಂತಿಲ್ಲ. ವರ್ಷವರ್ಷವೂ ಬಿತ್ತಿ, ವರ್ಷವರ್ಷವೂ ಹೊಸದಾಗಿ ಆರಿಸಬೇಕು. ಒಂದು ತಲೆಮಾರು ಕೈಬಿಟ್ಟರೆ ತಳಿ ತಪ್ಪಿಹೋಗುತ್ತದೆ. ಮನೆಬೀಜದ ಪರಂಪರೆ ಒಂದು ಸಂಗ್ರಹವಲ್ಲ, ನಿರಂತರ ಕೃಷಿ ಎಂಬುದನ್ನು ಇಲ್ಲಿ ಮನಗಾಣಬೇಕು.

ಮೂರನೆಯದು ಮಡಿ ಹಾಕುವುದು. ಮೇ ತಿಂಗಳ ಕೊನೆಯಲ್ಲಿ ಪ್ರಾರಂಭವಾಗುವ ರೋಹಿಣಿ ಮಳೆಯ ಹೊತ್ತಿಗೆ ಬಾವಿಯ ಬಳಿ ಅಥವಾ ಹಿತ್ತಲಿನಲ್ಲಿ, ನೀರು ನಿಲ್ಲದಂತೆ ಒಂದು ಗೇಣು ಎತ್ತರಿಸಿದ ಮಡಿಯನ್ನು ಸಿದ್ಧಪಡಿಸುತ್ತಾರೆ. ಕಳಿತ ಗೊಬ್ಬರವನ್ನು ಸಾಣಿಸಿ ಬೆರೆಸುತ್ತಾರೆ. ಬೀಜವನ್ನು ತೆಳುವಾದ ಸಾಲುಗಳಲ್ಲಿ, ಬೀಜ ಮುಚ್ಚುವಷ್ಟೇ ಆಳದಲ್ಲಿ ಬಿತ್ತಿ, ಮೇಲೆ ಹುಲ್ಲು ಹೊದಿಸಿ, ಕೈಯಿಂದ ನೀರು ಚಿಮುಕಿಸುತ್ತಾರೆ. ಕೊಡ ಎತ್ತಿ ಸುರಿದರೆ ಬೀಜ ಕೊಚ್ಚಿಹೋಗುತ್ತದೆ. ನೀರು ಹೆಚ್ಚಾದರೆ ಎಳೆಯ ಸಸಿಯ ಬುಡ ಕೊಳೆತು ಒರಗುತ್ತದೆ. ಮೆಣಸಿನ ಬೀಜ ಬಿಸುಪನ್ನು ಬಯಸುವಂಥದು. 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎಂಟು ಹತ್ತು ದಿನಗಳಲ್ಲಿ ಮೊಳೆಯುತ್ತದೆ, ಚಳಿಯಲ್ಲಿ ಸುಮ್ಮನೆ ಮಲಗಿರುತ್ತದೆ. ರೋಹಿಣಿಯ ಕಾಲದ ನೆಲದಲ್ಲಿ ಬೇಸಿಗೆಯ ಕಾವು ಇನ್ನೂ ಆರಿರುವುದಿಲ್ಲ, ಮೊದಲ ಮಳೆಯ ಹಸಿ ಆಗಲೇ ಕೂಡಿರುತ್ತದೆ. ಮಳೆನಕ್ಷತ್ರದ ಲೆಕ್ಕ ಉಷ್ಣಮಾಪಕದ ಲೆಕ್ಕಕ್ಕೆ ಸರಿಹೊಂದುವುದು ಹೀಗೆ. ಮೊಳಕೆ ಕಂಡ ದಿನವೇ ಸಂಜೆಯ ಹೊತ್ತು ಹುಲ್ಲು ತೆಗೆಯಬೇಕು. ತಡವಾದರೆ ಸಸಿ ಬಿಳಿಚಿ ಉದ್ದವಾಗುತ್ತದೆ.

ನಾಲ್ಕನೆಯದು ‘ಅಗಿ ಹಚ್ಚುವುದು’. ಉತ್ತರ ಕರ್ನಾಟಕದಲ್ಲಿ ನಾಟಿಗೆ ಸಿದ್ಧವಾದ ಸಸಿಗೆ ಅಗಿ ಎಂದು ಹೆಸರು. 35ರಿಂದ 45 ದಿನಗಳ ಅಗಿ ಪುನರ್ವಸು ಮಳೆಯ ಸುಮಾರಿಗೆ ಹೊಲಕ್ಕೆ ಹೋಗುತ್ತದೆ. ಕೀಳುವ ಮುನ್ನ ಕೆಲವು ದಿನ ನೀರನ್ನು ಕಡಿಮೆ ಮಾಡಿ ಸಸಿಯನ್ನು ಗಟ್ಟಿಗೊಳಿಸುತ್ತಾರೆ. ಮಡಿಯಲ್ಲಿ ಮಿಕ್ಕ ಅಗಿಯನ್ನು ಕೇಳಿದವರಿಗೆ ಕೊಡುವುದು ರೂಢಿ. ಹಿತ್ತಲಿನಲ್ಲಿ ನಾಲ್ಕು ಗಿಡ ಉಳಿಸಿಕೊಂಡು ಉಳಿದುದನ್ನು ಹಂಚುವ ಈ ಕ್ರಮದಲ್ಲಿ ಒಂದು ಮುಂಜಾಗ್ರತೆಯೂ ಇದೆ. ಒಂದು ಮನೆಯಲ್ಲಿ ಬೀಜ ಕೆಟ್ಟರೆ ಮುಂದಿನ ವರ್ಷ ನೆರೆಮನೆಯಿಂದ ಅದೇ ತಳಿ ಮರಳಿ ಬರುತ್ತದೆ. ಊರೇ ಒಂದು ಬೀಜದ ಗಡಿಗೆ.

ಬ್ಯಾಡಗಿ: ಆಯ್ಕೆಯ ಫಲ

ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಕೈಗೊಂಡ ಪ್ರವಾಸದ ಕಥನ 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ತೋಟದ ಬೆಳೆಗಳ ನಡುವೆ ಮೆಣಸಿನಕಾಯಿಯೂ ಕಾಣಿಸುತ್ತದೆ. 1884ರ ಧಾರವಾಡ ಜಿಲ್ಲಾ ಗ್ಯಾಸೆಟಿಯರ್ ಅದನ್ನು ಜಿಲ್ಲೆಯ ಬೆಳೆಗಳಲ್ಲಿ ಒಂದಾಗಿ ಹೆಸರಿಸಿದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿಗಳನ್ನು ಒಂದೇ ಹೊಲದಲ್ಲಿ ಬೆಳೆಯುವ ಪದ್ಧತಿ ಈ ಸೀಮೆಯ ವೈಶಿಷ್ಟ್ಯ. ಉಳ್ಳಾಗಡ್ಡಿ ಮೊದಲು ಕೈಗೆ ಬರುತ್ತದೆ, ಅನಂತರ ಮೆಣಸಿನಕಾಯಿ, ಕೊನೆಗೆ ಹತ್ತಿ. ಹಿತ್ತಲಿನ ಗಿಡ ಹೊಲದ ಬೆಳೆಯಾದುದು ಹೀಗೆ.

ಈ ಸೀಮೆಯಲ್ಲಿ ರೂಪುಗೊಂಡ ತಳಿಗೆ ಮಾರುಕಟ್ಟೆಯ ಊರಾದ ಬ್ಯಾಡಗಿಯ ಹೆಸರು ನಿಂತಿತು. ಹಾವೇರಿ ಜಿಲ್ಲೆಯ ಈ ಪಟ್ಟಣದ ಕೃಷಿ ಉತ್ಪನ್ನ ಮಾರುಕಟ್ಟೆ 1948ರಲ್ಲಿ ಸ್ಥಾಪನೆಯಾಗಿ, ದೇಶದ ದೊಡ್ಡ ಮೆಣಸಿನಕಾಯಿ ಮಾರುಕಟ್ಟೆಗಳಲ್ಲಿ ಒಂದಾಗಿ ಬೆಳೆದಿದೆ. ಬ್ಯಾಡಗಿ ಕಾಯಿಯಲ್ಲಿ ಎರಡು ಬಗೆ. ‘ಡಬ್ಬಿ’ ಗಿಡ್ಡ, ದುಂಡು, ಬೀಜ ಹೆಚ್ಚು. ‘ಕಡ್ಡಿ’ ಉದ್ದ, ಸಪೂರ, ಮೈತುಂಬ ಸುಕ್ಕು, ಬೀಜ ಕಡಿಮೆ. ಎರಡರಲ್ಲಿಯೂ ಖಾರ ಮಿತ, ಬಣ್ಣ ಗಾಢ. ಕೆಂಪಿಗೆ ಕಾರಣವಾದ ಕ್ಯಾಪ್ಸಾಂಥಿನ್ ಮುಂತಾದ ವರ್ಣದ್ರವ್ಯಗಳಿಂದಾಗಿ ಇದರ ಓಲಿಯೊರೆಸಿನ್ ಆಹಾರೋದ್ಯಮಕ್ಕೂ ತುಟಿಬಣ್ಣ, ಉಗುರುಬಣ್ಣಗಳ ತಯಾರಿಕೆಗೂ ಒದಗುತ್ತದೆ.

ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಈ ಜೋಡಿ ಗುಣ ತಾನಾಗಿ ಉಂಟಾಗುವಂಥದಲ್ಲ. ಕಾಡಿನ ಗಿಡಕ್ಕೆ ಖಾರವೇ ರಕ್ಷಣೆ. ಅದನ್ನು ಕಡಿಮೆ ಮಾಡುವುದು ಮನುಷ್ಯನ ಆಯ್ಕೆ ಮಾತ್ರ. ಖಾರ ಬೀಜದಲ್ಲಿಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿದೆ. ಅದನ್ನು ಹೊರಗಿನಿಂದ ನೋಡಿ ತಿಳಿಯಲಾಗದು, ಅಡುಗೆಯಲ್ಲಿ ಬಳಸಿಯೇ ತಿಳಿಯಬೇಕು. ರೊಟ್ಟಿಯೊಂದಿಗೆ ಧಾರಾಳವಾಗಿ ಹಚ್ಚಿಕೊಂಡು ತಿನ್ನಬಹುದಾದ ಕೆಂಪು ಖಾರ, ನೋಡಲು ಕಡುಗೆಂಪಾದ ಸಾರು, ಇವನ್ನು ಬಯಸಿದ ಅಡುಗೆಮನೆಯೇ ಅಂತಹ ಕಾಯಿಯ ಬೀಜವನ್ನು ತೆಗೆದಿಟ್ಟಿತೆಂದು ಊಹಿಸುವುದು ಯುಕ್ತ. ಬ್ಯಾಡಗಿ ಕಾಯಿ ಯಾವುದೋ ಪ್ರಯೋಗಾಲಯದ ಸೃಷ್ಟಿಯಲ್ಲ. ಅನೇಕ ತಲೆಮಾರುಗಳ ಅನಾಮಿಕ ಕೈಗಳು ಅದನ್ನು ಬೀಜಬೀಜವಾಗಿ ರೂಪಿಸಿವೆ.

ಪೊಟ್ಟಣದ ಬೀಜ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೀಜ ಮನೆಯಿಂದ ಹೊರನಡೆಯಿತು. 1966ರ ಬೀಜ ಕಾಯ್ದೆ ಮಾರಾಟದ ಬೀಜಕ್ಕೆ ಗುಣಮಟ್ಟದ ನಿಯಮಗಳನ್ನು ತಂದಿತು. 1973ರಲ್ಲಿ ಬೆಂಗಳೂರಿನ ಖಾಸಗಿ ಸಂಸ್ಥೆಯೊಂದು ‘ಭಾರತ್’ ಎಂಬ ಸಂಕರ ದೊಣ್ಣೆಮೆಣಸಿನಕಾಯಿ ತಳಿಯನ್ನು ಮಾರುಕಟ್ಟೆಗೆ ಬಿಟ್ಟಿತು. 1988ರ ಹೊಸ ಬೀಜ ನೀತಿ ಖಾಸಗಿ ಮತ್ತು ವಿದೇಶಿ ಬೀಜಗಳಿಗೆ ಬಾಗಿಲನ್ನು ಅಗಲವಾಗಿ ತೆರೆಯಿತು. ಅನಂತರದ ದಶಕಗಳಲ್ಲಿ ಬ್ಯಾಡಗಿಯನ್ನೇ ಹೋಲುವ ಸಂಕರ ತಳಿಗಳು ಹೊಲಗಳನ್ನು ವ್ಯಾಪಿಸಿದವು.

ರೈತರು ಅವುಗಳತ್ತ ಹೊರಳಿದುದು ಅವಿವೇಕದಿಂದಲ್ಲ. ನುಸಿ, ಥ್ರಿಪ್ಸ್ ಮತ್ತು ವೈರಸ್‌ಗಳಿಂದ ಬರುವ ಎಲೆ ಮುದುಡುವ ರೋಗ ಹಳೆಯ ತಳಿಯನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿತು. ಸಂಕರ ತಳಿ ನೀರಾವರಿಯಲ್ಲಿ ಹೆಚ್ಚು ಇಳುವರಿ ಕೊಟ್ಟಿತು. ಸಾಲದ ಕಂತು ಇಳುವರಿಯನ್ನು ನೋಡುತ್ತದೆಯೇ ಹೊರತು ತಳಿಯ ವಂಶಾವಳಿಯನ್ನಲ್ಲ. ಮನೆಬೀಜವನ್ನು ಹೊಗಳುವ ಬರೆಹಗಳು ಈ ವಾಸ್ತವವನ್ನು ಮರೆಯಬಾರದು.

ಆದರೆ ಸಂಕರ ತಳಿಯ ಬೀಜವನ್ನು ಮನೆಯಲ್ಲಿಟ್ಟು ಮರುವರ್ಷ ಬಿತ್ತಿದರೆ ಒಂದೊಂದು ಗಿಡ ಒಂದೊಂದು ಬಗೆಯಾಗುತ್ತದೆ. ಆದ್ದರಿಂದ ಪ್ರತಿವರ್ಷ ಪೊಟ್ಟಣ ಕೊಳ್ಳಬೇಕು. ಆರಿಸುವ ಕಣ್ಣಿಗೆ ಕೆಲಸವಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಹಾನಿ ಇನ್ನೊಂದಿದೆ. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಚ್ಚಬಲ್ಲದಾದರೂ ಜೇನುನೊಣಗಳ ಮೂಲಕ ಪರಕೀಯ ಪರಾಗಸ್ಪರ್ಶಕ್ಕೂ ಸುಲಭವಾಗಿ ಒಳಗಾಗುತ್ತದೆ. ಈ ಕಾರಣದಿಂದ ಪ್ರಮಾಣೀಕೃತ ಮೆಣಸಿನ ಬೀಜದ ತಾಕು ಬೇರೆ ತಳಿಯಿಂದ ಕನಿಷ್ಠ 200 ಮೀಟರ್ ದೂರವಿರಬೇಕೆಂದು ನಿಯಮವಿದೆ. ಯಾವ ಹಿತ್ತಲೂ ಅಷ್ಟು ದೂರವನ್ನು ಕಾಯ್ದುಕೊಳ್ಳಲಾರದು. ಹಿಂದೆ ಅದರ ಅಗತ್ಯವಿರಲಿಲ್ಲ. ಊರಿಗೆ ಊರೇ ಒಂದೇ ತಳಿಯನ್ನು ಬೆಳೆಯುತ್ತಿದ್ದಾಗ ಊರೇ ಬೇಲಿಯಾಗಿತ್ತು. ಇಂದು ಹಠ ಹಿಡಿದು ಹಳೆಯ ಬೀಜವನ್ನು ಉಳಿಸಿಕೊಂಡ ಮನೆಯ ಗಿಡಕ್ಕೂ ಪಕ್ಕದ ಹೊಲದ ಪರಾಗ ಬಂದು ಸೇರುತ್ತದೆ. ಬೀಜ ಉಳಿದಿದೆಯೆಂದು ಮನೆಯವರು ತಿಳಿದಿರುತ್ತಾರೆ. ಗಡಿಗೆಯಲ್ಲಿರುವುದು ಬೇರೆಯೇ ಆಗಿರುತ್ತದೆ. ಒಂಟಿ ಮನೆ ತಳಿಯನ್ನು ಕಾಯುವುದು ಕಷ್ಟ. ಹೂವರಳುವ ಮುನ್ನ ಟೊಂಗೆಗೆ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ ಗುರುತು ಮಾಡಿಡುವ ಉಪಾಯವನ್ನು ಈಗಿನ ಬೀಜಸಂರಕ್ಷಕರು ಅನುಸರಿಸುವುದು ಇದೇ ಕಾರಣಕ್ಕಾಗಿ.

ಕಾನೂನು ಎರಡು ಬಗೆಯ ರಕ್ಷಣೆಯನ್ನು ಒದಗಿಸಿದೆ. 2001ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಪ್ರಕರಣ, ತಾನು ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ನೀಡಿದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮೊದಲನೆಯದು ಹಕ್ಕನ್ನು ಕೊಡುತ್ತದೆ, ಎರಡನೆಯದು ಹೆಸರನ್ನು ಕಾಯುತ್ತದೆ. ಆದರೆ ರೋಹಿಣಿಗೆ ಮಡಿ ಹಾಕುವವರು, ಗಿಡ ನೋಡಿ ಕಾಯಿ ಆರಿಸುವವರು ಇಲ್ಲವಾದರೆ ಹಕ್ಕು ಚಲಾಯಿಸಲು ಬೀಜವೇ ಇರುವುದಿಲ್ಲ, ಹೆಸರಿಗೆ ತಕ್ಕ ಕಾಯಿಯೂ ಇರುವುದಿಲ್ಲ. ಶಿರಸಿಯ ‘ವನಸ್ತ್ರೀ’, ಬೆಂಗಳೂರಿನ ‘ಸಹಜ ಸಮೃದ್ಧ’ದಂತಹ ಸಂಘಟನೆಗಳು ಬೀಜದ ಜೊತೆಗೆ ಬೀಜ ಬಲ್ಲವರನ್ನೂ ಒಂದೆಡೆ ಸೇರಿಸುತ್ತಿರುವುದು ಈ ದೃಷ್ಟಿಯಿಂದ ಮುಖ್ಯ. ಅವು ಕಳೆದುಹೋದ ಊರಬೇಲಿಯನ್ನು ಬೇರೊಂದು ರೂಪದಲ್ಲಿ ಕಟ್ಟುವ ಪ್ರಯತ್ನಗಳು.

ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮೆಣಸಿನಕಾಯಿಯನ್ನು ಬಂದರಿಗೆ ತಂದವರು ಪೋರ್ಚುಗೀಸರಾದರೂ ಅದನ್ನು ಈ ನಾಡಿನದನ್ನಾಗಿ ಮಾಡಿದವರು ಹಿತ್ತಲಿನಲ್ಲಿ ಬೀಜ ಹಾಕಿದ ಅನಾಮಿಕ ಜನ, ಅದರಲ್ಲಿಯೂ ಮಹಿಳೆಯರು. ಎರಡನೆಯದಾಗಿ, ಸ್ಥಳೀಯ ತಳಿಯೆಂಬುದು ನಿಸರ್ಗದ ಕೊಡುಗೆ ಮಾತ್ರವಲ್ಲ, ಸಾಮುದಾಯಿಕ ಆಯ್ಕೆಯ ಫಲ. ಮೂರನೆಯದಾಗಿ, ಆ ತಳಿಯ ಉಳಿವು ಬೀಜದ ಉಳಿವನ್ನಷ್ಟೇ ಅಲ್ಲ, ಆರಿಸುವ ಜ್ಞಾನದ ಉಳಿವನ್ನೂ ಅವಲಂಬಿಸಿದೆ. ಶೀತಲಗೃಹದಲ್ಲಿ ಬೀಜವನ್ನು ಕಾಪಿಡಬಹುದು; ಯಾವ ಗಿಡವನ್ನು ಬೀಜಕ್ಕೆ ಬಿಡಬೇಕೆಂಬ ತಿಳಿವನ್ನು ಅಲ್ಲಿ ಇಡಲಾಗದು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕನ್ನಡದಲ್ಲಿದೆ. ವಿದ್ವತ್ತೂ ಹಿತ್ತಲನ್ನು ಬಹುಕಾಲ ಹಾಗೆಯೇ ಕಂಡಿದೆ. ಹಾಡು, ಕಥೆ, ಒಗಟುಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಜಾನಪದ ಅಧ್ಯಯನವು ಮಡಿಯ ಜ್ಞಾನವನ್ನೂ ಊರೂರಿನಲ್ಲಿ ಕೇಳಿ ದಾಖಲಿಸಬೇಕಾಗಿದೆ. ಹಾಡು ಹೇಳುವವರು ಇಲ್ಲವಾದರೂ ಹಾಡನ್ನು ಬರೆದಿಟ್ಟ ಪುಸ್ತಕ ಉಳಿಯುತ್ತದೆ. ಬಿತ್ತುವವರು ಇಲ್ಲವಾದರೆ ಮೂರು ವರ್ಷಗಳಲ್ಲಿ ಗಡಿಗೆಯ ಬೀಜ ಮೊಳೆಯುವುದನ್ನು ನಿಲ್ಲಿಸುತ್ತದೆ.